ನಾಯಕತ್ವವನ್ನು ಪ್ರತ್ಯೇಕ ವಿಷಯವಾಗಿ ಸೇರಿಸಬೇಕೇ?

ನಿಮ್ಮ ದೈವಶಾಸ್ತ್ರ ಕಾಲೇಜಿನ ಪಠ್ಯಕ್ರಮ ಪರಿಷ್ಕರಣೆಯ ಹೊಣೆ ನಿಮಗೆ ಬಂದಿದೆಯೆಂದೂ, ಪದವೀಧರರಿಗೆ ಕ್ರೈಸ್ತ ಸಭೆಗಳನ್ನು (ಚರ್ಚುಗಳನ್ನು) ನಡೆಸಲು ಬರುವುದಿಲ್ಲವೆಂಬ ದೂರಿಗೆ ನಾಯಕತ್ವದ ಹೊಸ ವಿಷಯವೊಂದು ಪರಿಹಾರವಾದೀತೇ ಎಂದೂ ಕೇಳಿದ್ದೀರಿ. ಇಂಥ ಸಮಿತಿಗಳಲ್ಲಿ ಕುಳಿತಿರುವ ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಯೋಚಿಸಬೇಕಾದ ಸಂಗತಿ.

ಜರ್ಮನ್ ದೈವಶಾಸ್ತ್ರಜ್ಞ ಶ್ಲೈಯರ್‌ಮಾಖರ್ ಬರ್ಲಿನ್ನಿನಲ್ಲಿ ಬೋಧಿಸುತ್ತಿದ್ದಾಗ, 1811ರಲ್ಲಿ, ದೈವಶಾಸ್ತ್ರದ ಶಾಖೆಗಳೆಲ್ಲವನ್ನೂ ಒಂದುಗೂಡಿಸುವುದು ಸಭೆಯನ್ನು ನಡೆಸುವ ಕಾರ್ಯವೇ ಎಂದು ವಾದಿಸಿದರು. ಅವರ ದೃಷ್ಟಿಯಲ್ಲಿ ನಾಯಕತ್ವವು ವಿಷಯಗಳ ಸಾಲಿಗೆ ಸೇರುವ ಇನ್ನೊಂದು ವಿಷಯವಾಗಿರಲಿಲ್ಲ, ಆ ವಿಷಯಗಳೆಲ್ಲ ಯಾತಕ್ಕಾಗಿ ಇವೆಯೋ ಆ ಉದ್ದೇಶವೇ ಅದಾಗಿತ್ತು. ಸತ್ಯವೇದ, ಸಭಾ ಚರಿತ್ರೆ, ಸಿದ್ಧಾಂತ, ಪಾಲನಾ ಸೇವೆ ಎಂಬ ವಿಭಾಗಗಳು ನಮ್ಮಲ್ಲಿ ಗಟ್ಟಿಯಾಗಿ ಉಳಿದಿವೆ. ಅವುಗಳನ್ನು ಹೆಣೆಯಬೇಕಾದ ಎಳೆ ಮಾತ್ರ ಸಡಿಲವಾಗಿದೆ.

ಆದ್ದರಿಂದ ಮೊದಲು, ಕೆಲವು ವರ್ಷಗಳಿಂದ ಸೇವೆಯಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನೂ ಅವರ ಸಭೆಗಳ ಹಿರಿಯರನ್ನೂ ಮಾತನಾಡಿಸಿ, ಸಭಾಪಾಲಕರ ವಾರ ನಿಜವಾಗಿ ಯಾವ ಕೆಲಸಗಳಲ್ಲಿ ಕಳೆಯುತ್ತದೆ ಎಂದು ಬರೆದುಕೊಳ್ಳಿ. ಗುಂಪುಗಾರಿಕೆ, ಲೆಕ್ಕಪತ್ರ, ದುಃಖದಲ್ಲಿರುವ ಕುಟುಂಬಗಳ ಭೇಟಿ, ತೀರ್ಮಾನಕ್ಕೆ ಬಾರದ ಸಮಿತಿ ಸಭೆಗಳು ಆ ಪಟ್ಟಿಯಲ್ಲಿ ಖಂಡಿತ ಇರುತ್ತವೆ. ಬಳಿಕ ಈಗಿರುವ ಪಾಠಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಪೌಲನು ಕಾಣಿಕೆಯ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಅದರೊಂದಿಗೆ ಇತರರನ್ನೂ ಕಳುಹಿಸುತ್ತಾನೆ. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ತೀವ್ರ ಭಿನ್ನಾಭಿಪ್ರಾಯವೊಂದು ಚರ್ಚೆಯ ಮೂಲಕ ನಿರ್ಣಯಕ್ಕೆ ಬರುತ್ತದೆ. ಈ ಭಾಗಗಳನ್ನು ವ್ಯಾಖ್ಯಾನಕ್ಕಷ್ಟೇ ಮೀಸಲಿಟ್ಟು, ಹಣಕಾಸಿನ ಪಾರದರ್ಶಕತೆಯನ್ನು ಬೇರೊಂದು ತರಗತಿಯಲ್ಲಿ ನಿರ್ವಹಣಾಶಾಸ್ತ್ರದ ಪುಸ್ತಕದಿಂದ ಕಲಿಸುವುದು ನನಗಂತೂ ವಿಚಿತ್ರವೆನಿಸುತ್ತದೆ.

ಯಾರಿಗೆ ಕಲಿಸುತ್ತೇವೆ ಎಂಬುದೂ ಪಠ್ಯಕ್ರಮದ ಪ್ರಶ್ನೆಯೇ. 1963ರ ಸುಮಾರಿಗೆ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯು, ಸಂಸಾರ ಮತ್ತು ಉದ್ಯೋಗ ಬಿಟ್ಟು ಬರಲಾಗದ ಸ್ಥಳೀಯ ಸಭಾನಾಯಕರಿಗಾಗಿ ಸ್ವಯಂ ಅಧ್ಯಯನದ ಪಾಠಗಳನ್ನು ಸಿದ್ಧಪಡಿಸಿ, ಬೋಧಕರನ್ನೇ ಅವರಿದ್ದ ಕಡೆಗೆ ಕಳುಹಿಸಿತು. ವಿಸ್ತರಣಾ ದೈವಶಾಸ್ತ್ರ ಶಿಕ್ಷಣವೆಂದು ಹಲವು ದೇಶಗಳಿಗೆ ಹರಡಿದ ಈ ಕ್ರಮದಲ್ಲಿ, ಸಭೆಯು ಈಗಾಗಲೇ ಗುರುತಿಸಿದ ನಾಯಕರೇ ವಿದ್ಯಾರ್ಥಿಗಳಾದರು.

ಎಲ್ಲಕ್ಕಿಂತ ಕಷ್ಟದ ಕೆಲಸ ಕೈಬಿಡುವುದು. ಸೇರಿಸಲು ಎಲ್ಲರೂ ಒಪ್ಪುತ್ತಾರೆ. ಗ್ರೀಕ್, ಹೀಬ್ರೂ ತರಗತಿಗಳ ಅವಧಿಯ ಮಾತೆತ್ತಿದರೆ ಬೋಧಕರ ಸಭೆ ಬಿಸಿಯಾಗುತ್ತದೆ. ಆಗ ನೀವು ಹೇಗೆ ಕೇಳಿಸಿಕೊಳ್ಳುತ್ತೀರಿ, ಕಿರಿಯ ಬೋಧಕರಿಗೆ ಮಾತನಾಡಲು ಅವಕಾಶವಿದೆಯೇ, ನಿರ್ಣಯದ ಕಾರಣಗಳನ್ನು ಬಹಿರಂಗವಾಗಿ ತಿಳಿಸುತ್ತೀರೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸುತ್ತಲೇ ಇರುತ್ತಾರೆ. ಶಿಕ್ಷಣತಜ್ಞ ಎಲಿಯಟ್ ಐಸ್ನರ್ ಅಘೋಷಿತ ಪಠ್ಯಕ್ರಮದ ಕುರಿತು, ಅಂದರೆ ಪಾಠಪಟ್ಟಿಯಲ್ಲಿ ಬರೆಯದಿದ್ದರೂ ಸಂಸ್ಥೆಯ ನಡವಳಿಕೆಯಿಂದಲೇ ವಿದ್ಯಾರ್ಥಿಗಳು ಕಲಿಯುವುದರ ಕುರಿತು, ಹೇಳಿದ್ದು ಇಲ್ಲಿಗೆ ಚೆನ್ನಾಗಿ ಅನ್ವಯಿಸುತ್ತದೆ.

ಇಷ್ಟಾದ ಮೇಲೂ ಪ್ರತ್ಯೇಕ ವಿಷಯ ಬೇಕೆನಿಸಿದರೆ ಅದನ್ನು ಅಂತಿಮ ವರ್ಷದಲ್ಲಿ ಕ್ಷೇತ್ರಸೇವೆಯೊಂದಿಗೆ ಜೋಡಿಸಿ, ಮೌಲ್ಯಮಾಪನದ ಒಂದು ಪಾಲನ್ನು ಆ ಸಭೆಯ ಸದಸ್ಯರಿಗೆ, ಮಹಿಳೆಯರೂ ಯುವಜನರೂ ಸೇರಿದಂತೆ, ಒಪ್ಪಿಸಿ.