‘ಒಳಗಿನ ಶತ್ರು’ ಲೇಖಕರಿಗೆ

ನಮಸ್ಕಾರ. ಕಂಬಳಿಹುಳುಗಳ ಒಳಗೆ ಬೆಳೆಯುವ ಟ್ಯಾಕಿನಿಡ್ ನೊಣಗಳ ಮರಿಗಳ ಬಗ್ಗೆ ನೀವು ಕಳಿಸಿದ ‘ಒಳಗಿನ ಶತ್ರು’ ಓದಿದೆವು. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಎರಡು ಪುಟ ಕಂಬಳಿಹುಳುವಿನ ನರಳಾಟಕ್ಕೇ ಹೋಗಿದೆ. ನೊಣದ ಮರಿಯ ಮೈಗೆ ಸಿಕ್ಕಿದ್ದು ಒಂದೇ ಸಾಲು: ‘ಕಣ್ಣಿಲ್ಲ, ಕಾಲಿಲ್ಲ, ಬರೀ ಹೊಟ್ಟೆ.’ ಇಡೀ ಲೇಖನ ಎಡವಿರುವುದು ಅಲ್ಲೇ.

ಆ ‘ಬರೀ ಹೊಟ್ಟೆ’ಯ ಹಿಂತುದಿ ನೋಡಿ. ರಕ್ತದಲ್ಲಿ ಮುಳುಗಿರುವ ಮರಿಗೆ ಗಾಳಿ ಎಲ್ಲಿಂದ ಬರಬೇಕು? ಪರಕೀಯ ವಸ್ತುವನ್ನು ಸುತ್ತಿ ಮುಚ್ಚಲು ಕಂಬಳಿಹುಳುವಿನ ರಕ್ತಕಣಗಳು ಮುತ್ತಿಕೊಳ್ಳುತ್ತವೆ. ಎಷ್ಟೋ ಜಾತಿಗಳ ಮರಿಗಳು ಆ ಗೋಡೆಯನ್ನೇ ಆಲಿಕೆಯಾಗಿಸಿಕೊಂಡು, ಹಿಂಭಾಗದ ಉಸಿರುರಂಧ್ರಗಳನ್ನು ಚರ್ಮದ ತೂತಿಗೋ ಉಸಿರುನಾಳಕ್ಕೋ ಒತ್ತಿ ಹಿಡಿಯುತ್ತವೆ. ಟ್ಯಾಕಿನಿಡ್‌ಗಳಲ್ಲೊಂದಾದ ಊಜಿ ನೊಣದ ಮರಿ ಹೊಕ್ಕ ರೇಷ್ಮೆಹುಳುವಿನ ಮೈಮೇಲಿನ ಕಪ್ಪು ಕಲೆ ಇಂಥ ಜಾಗದ್ದೇ. ನೀವು ಅದನ್ನು ‘ಕಚ್ಚಿದ ಗಾಯ’ ಎಂದಿದ್ದೀರಿ. ಲೇಖನ ಆ ಕಲೆಯಿಂದಲೇ ಶುರುವಾಗಲಿ.

ಬಾಯಿಯ ಚಿತ್ರವೂ ತಪ್ಪು. ಮೊದಲ ಹಂತದ, ಅಂದರೆ ಇನ್ನೂ ಪೊರೆ ಕಳಚದ ಮರಿಗೆ ಜೋಡಿ ಕೊಕ್ಕೆ ಬರೆದಿದ್ದೀರಿ. ಟ್ಯಾಕಿನಿಡ್‌ಗಳಲ್ಲಿ ಆ ಹಂತಕ್ಕೆ ಸಾಮಾನ್ಯವಾಗಿ ನಡುವೆ ಒಂದೇ ಹಲ್ಲು. ಜೋಡಿ ಕೊಕ್ಕೆ ಬರುವುದು ಪೊರೆ ಕಳಚಿದ ಮೇಲೆ. ‘ಉಸಿರುರಂಧ್ರದಲ್ಲಿ ಮೂರು ಸೀಳು, ಆದ್ದರಿಂದ ಟ್ಯಾಕಿನಿಡ್’ ಎಂಬ ತರ್ಕವೂ ನಿಲ್ಲದು. ಮಾಂಸದ ಮೇಲೆ ಮೊಟ್ಟೆಯಿಡುವ ನೀಲಿನೊಣದ ಮೂರನೇ ಹಂತದ ಮರಿಗೂ ಮೂರೇ ಸೀಳು. ಸೀಳಿನ ಲೆಕ್ಕ ಕೊಡುವಾಗ ಹಂತ ಯಾವುದೆಂದು ಹೇಳದಿದ್ದರೆ ಆ ಲೆಕ್ಕದಿಂದ ಉಪಯೋಗವಿಲ್ಲ.

ಗಂಟಲಿನ ತಳ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಕೊಳೆತದ್ದನ್ನು ತಿನ್ನುವ ಮರಿಗಳಿಗೆ ಅಲ್ಲಿ ಉದ್ದುದ್ದ ಏಣುಗಳಿರುತ್ತವೆ, ರಸದಿಂದ ಬ್ಯಾಕ್ಟೀರಿಯಾ ಸೋಸಲು. ಜೀವಂತ ಹುಳುವನ್ನು ತಿನ್ನುವವಕ್ಕೆ ಈ ಏಣುಗಳಿಲ್ಲ. ಕೀಟವಿಜ್ಞಾನಿ ಡೇವಿಡ್ ಕೈಲಿನ್ 1915ರಲ್ಲೇ ಈ ವ್ಯತ್ಯಾಸ ತೋರಿಸಿದ್ದರು. ಮರಿ ಏನು ತಿಂದು ಬೆಳೆಯಿತೆಂದು ನೋಡದೆಯೂ ಹೇಳಬಹುದು ಅನ್ನುವುದು ಓದುಗರನ್ನು ಹಿಡಿದಿಡುವ ಸಂಗತಿ, ನರಳಾಟ ಅಲ್ಲ.

ಇದನ್ನು ಕಣ್ಣಾರೆ ನೋಡಲು ಮರಿಯನ್ನು ಕೊಲ್ಲಬೇಕಿಲ್ಲ. ನೊಣ ಹೊರಬಿದ್ದ ಖಾಲಿ ಕೋಶ ಸಾಕು. ಮೂರನೇ ಹಂತದ ಬಾಯಿ-ಗಂಟಲಿನ ಅಸ್ಥಿ (ಗಟ್ಟಿ ಚೌಕಟ್ಟು), ಕಳಚಿದ ಮುಚ್ಚಳದ ಕೆಳಭಾಗದ ಒಳಮೈಗೆ ಅಂಟಿಕೊಂಡಿರುತ್ತದೆ. ಆ ಚೂರನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ರಾತ್ರಿ ನೆನೆಸಿ, ನೀರಿನಲ್ಲಿ ತೊಳೆದು ಗ್ಲಿಸರಿನ್‌ಗೆ ಹಾಕಿ. ಅವಸರಕ್ಕೆ ಕುದಿಸಿದರೆ ತೆಳು ಭಾಗಗಳು ಬಣ್ಣಗೆಟ್ಟು ಕಾಣದಾಗುತ್ತವೆ. ಕವರ್ ಸ್ಲಿಪ್ಪನ್ನು ನೇರವಾಗಿ ಒತ್ತಬೇಡಿ: ಅಸ್ಥಿಯ ಹಿಂಬದಿಯ ಮೇಲಿನ ಕೊಂಬು, ಕೆಳಗಿನ ಕೊಂಬು ಅಗಲಿ ಸುಳ್ಳು ಕೋನ ಕಾಣುತ್ತದೆ. ನಿಮ್ಮ ಎರಡನೇ ಚಿತ್ರದಲ್ಲಿ ಆಗಿರುವುದು ಅದೇ ಇರಬೇಕು. ಎರಡು ಅಂಚಿಗೂ ಗಾಜಿನ ಚೂರು ಆನಿಸಿ, ಅಸ್ಥಿಯನ್ನು ಮಗ್ಗುಲಾಗಿ ಮಲಗಿಸಿ.

ಇನ್ನು ಮರಿಯನ್ನೇ ಇಡುವುದಾದರೆ ಮೊದಲು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ 80% ಆಲ್ಕೋಹಾಲಿಗೆ ಹಾಕಿ. ಜೀವಂತವಾಗಿ ಹಾಕಿದರೆ ಮುದುಡಿ ಕಪ್ಪಾಗುತ್ತದೆ.

ಚಿತ್ರಗಳನ್ನು ಹೊಸದಾಗಿ ಬರೆಯಿರಿ. ಪ್ರತಿಯೊಂದರಲ್ಲೂ ಅಳತೆಗೆರೆ, ಹಂತ ಇರಲಿ. ಶೀರ್ಷಿಕೆಯಲ್ಲಿನ ‘ಶತ್ರು’ವನ್ನು ನಾವು ಹೇಗಿದ್ದರೂ ತೆಗೆಯುತ್ತೇವೆ.