ಪೀಠಿಕೆ ಆಮೇಲೆ, ಮೊದಲು ಬೀದಿ ದೀಪ

ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗರಿಗೆ ಸಂವಿಧಾನದ ಪೀಠಿಕೆ ಓದಿಸಿದರೆ ಎಲ್ಲರೂ ಮೊಬೈಲ್ ನೋಡುತ್ತಾ ಕೂರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ ಮೇಡಂ. ಪೀಠಿಕೆಯನ್ನು ಸದ್ಯಕ್ಕೆ ಬದಿಗಿಡಿ. ಅವರು ದಿನಾ ಯಾವುದಕ್ಕೆ ಬೈಯುತ್ತಾರೆ ಅಂತ ಕೇಳಿ.

ನಮ್ಮೂರಲ್ಲಿ ಅದು ಕೆಟ್ಟು ನಿಂತ ಬೀದಿ ದೀಪ. ಬೈದಿದ್ದು ಸಾಕು, ಲೆಕ್ಕ ಕೇಳೋಣ ಅಂದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಈ ಮಿತಿಯೇ ಒಳ್ಳೆ ಪಾಠ ಆಯಿತು ನೋಡಿ. 'ಎಲ್ಲರೂ ಕಳ್ಳರು' ಅಂತ ಶುರುವಾದ ಕರಡನ್ನು ನಾಲ್ಕು ಸಲ ಹೊಡೆದು ಹಾಕಿದೆವು. ಕೊನೆಗೆ 'ಕಳೆದ ಎರಡು ವರ್ಷದಲ್ಲಿ ನಮ್ಮ ವಾರ್ಡಿನ ಬೀದಿ ದೀಪಕ್ಕೆ ಖರ್ಚಾದ ಹಣದ ಬಿಲ್ಲಿನ ಪ್ರತಿ ಕೊಡಿ' ಅಂತ ಉಳಿಯಿತು. ಬರೆದವನು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲೇ ಫೇಲಾಗಿದ್ದ ಹುಡುಗ!

30 ದಿನದಲ್ಲಿ ಉತ್ತರ ಬರಬೇಕು. ನಮಗೆ ಬರಲಿಲ್ಲ. ಅಲ್ಲಿಗೇ ಬಿಟ್ಟರೆ ಹುಡುಗರು 'ನಾವು ಹೇಳಿರಲಿಲ್ವಾ' ಅಂತಾರೆ. ಅದಕ್ಕೇ ಮಾರನೇ ದಿನವೇ ಮೊದಲ ಮೇಲ್ಮನವಿ, ಅಂದರೆ ಮೇಲಧಿಕಾರಿಗೆ ದೂರು, ಬರೆಸಿ. ಬಿಲ್ಲು ಕೈಗೆ ಬಂದ ಮೇಲೆ ಅದನ್ನೇ ಹಿಡಿದುಕೊಂಡು ಗ್ರಾಮಸಭೆಗೆ ಹೋಗಿ. ಅಲ್ಲಿ ನೀವು ಸುಮ್ನೆ ಹಿಂದೆ ಕೂರಿ, ಅವರೇ ಮಾತಾಡಲಿ. ಟೀ, ಬೋಂಡಾ ಖರ್ಚು ಮಾತ್ರ ನಿಮ್ಮದು.