ಟ್ರೊಮ್ಸೊದ ಎರಡು ತಿಂಗಳ ಕತ್ತಲೆಗೆ ಹೆದರಿ ಕೆಲಸಕ್ಕೆ ಸೇರುವುದನ್ನು ಮೇ ತಿಂಗಳಿಗೆ ಮುಂದೂಡಬೇಕೇ?

ಮುಂದೂಡಬೇಡಿ, ನವೆಂಬರ್‌ನಲ್ಲಿಯೇ ಬನ್ನಿ. ನಾರ್ವೆಯ ಉತ್ತರದಲ್ಲಿ ಸೂರ್ಯನೇ ಮೂಡದ ಚಳಿಗಾಲವನ್ನು ಹೇಗೆ ತಡೆದುಕೊಳ್ಳುವುದು ಎಂದು ನೀವು ಕೇಳಿದ್ದೀರಿ. ಇದೇ ಹೆದರಿಕೆಯನ್ನು ಹೊತ್ತುಕೊಂಡು ನಾನು 2014ರ ಆಗಸ್ಟ್‌ನಲ್ಲಿ ಟ್ರೊಮ್ಸೊಗೆ ಬಂದೆ. ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿದ್ದ ನನಗೆ ಇಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತ್ತು. ಕತ್ತಲೆಯ ಬಗ್ಗೆ ಓದಬಹುದಾದದ್ದನ್ನೆಲ್ಲ ಓದಿ, ವಿಟಮಿನ್ ಡಿ ಮಾತ್ರೆಗಳನ್ನೂ ದೊಡ್ಡದೊಂದು ಮೇಜಿನ ದೀಪವನ್ನೂ ಪೆಟ್ಟಿಗೆಗೆ ತುಂಬಿಕೊಂಡಿದ್ದೆ. ಆ ಚಳಿಗಾಲ ನನಗೆ ಏನೂ ಮಾಡಲಿಲ್ಲ. ನನ್ನ ಆರು ತಿಂಗಳನ್ನು ನುಂಗಿದ್ದು ಅದರ ನಂತರ ಬಂದ ಬೇಸಗೆ, ಅಂದರೆ ನೀವು ಸುರಕ್ಷಿತವೆಂದು ಆರಿಸಿಕೊಳ್ಳಲು ಹೊರಟಿರುವ ಕಾಲ.

ಕತ್ತಲೆಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಟ್ರೊಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿರುವುದರಿಂದ ಡಿಸೆಂಬರ್ 21ರ ನಡುಮಧ್ಯಾಹ್ನ ಇಲ್ಲಿ ಸೂರ್ಯ ದಿಗಂತದಿಂದ ಕೇವಲ ಮೂರು ಡಿಗ್ರಿ ಕೆಳಗಿರುತ್ತಾನೆ. ನಮ್ಮೂರಿನಲ್ಲಿ ಹೊತ್ತು ಕಂತಿ ಹತ್ತು ಹದಿನೈದು ನಿಮಿಷವಾದಾಗ ಆಕಾಶ ಹೇಗಿರುತ್ತದೆಯೋ ಅಷ್ಟು ಬೆಳಕು, ಇಲ್ಲಿ ಹಲವು ಗಂಟೆಗಳ ಕಾಲ, ಹಿಮದ ಮೇಲೆ ನೀಲಿಯಾಗಿ ಹರಡಿಕೊಂಡು ನಿಂತಿರುತ್ತದೆ. ಬೀದಿಯಲ್ಲಿ ಎದುರಾದವರ ಮುಖ ಗುರುತು ಸಿಗುತ್ತದೆ, ಬೆಟ್ಟದ ಅಂಚು ಕಾಣುತ್ತದೆ. ಇದನ್ನು ಎರಡು ತಿಂಗಳ ಕತ್ತಲೆ ಎಂದು ಕರೆಯುವುದೇ ತಪ್ಪು. ಕತ್ತಲೆ ಎನ್ನಬೇಕಾದರೆ ಇನ್ನೂ ಉತ್ತರಕ್ಕೆ, ಸುಮಾರು 79 ಡಿಗ್ರಿಯಲ್ಲಿರುವ, ನಾರ್ವೆಯದೇ ದ್ವೀಪಸಮೂಹವಾದ ಸ್ವಾಲ್‌ಬಾರ್‌ನ ನ್ಯೂ ಓಲೆಸುಂಡ್‌ಗೆ ಹೋಗಬೇಕು. ಅಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಹನ್ನೆರಡು ಡಿಗ್ರಿಗೂ ಕೆಳಗಿರುತ್ತಾನೆ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವುದು ಅಲ್ಲಿಯೇ. ಅಲ್ಲಿಗೆ ಭಾರತದ ಮೊದಲ ಚಳಿಗಾಲದ ತಂಡ ಹೊರಟದ್ದು 2023ರ ಡಿಸೆಂಬರ್‌ನಲ್ಲಿ, ಆ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅವರು ಕಂಡ ಮಧ್ಯಾಹ್ನಕ್ಕೆ ಹೋಲಿಸಿದರೆ ಟ್ರೊಮ್ಸೊದ ಮಧ್ಯಾಹ್ನ ಬೆಳಗಿನ ಜಾವವಿದ್ದಂತೆ.

ಅಲ್ಲದೆ ಈ ಊರು ಚಳಿಗಾಲಕ್ಕೆ ಪಳಗಿದೆ. ಪ್ರತಿ ಕಿಟಕಿಯಲ್ಲೂ ದೀಪ ಇಡುತ್ತಾರೆ, ಕೋಟಿನ ಮೇಲೆ ಹೊಳೆಯುವ ಪಟ್ಟಿ ಹಾಕಿಕೊಳ್ಳುತ್ತಾರೆ, ಕಾಡ್ ಎಂಬ ಮೀನಿನ ಪಿತ್ತಜನಕಾಂಗದ ಎಣ್ಣೆಯನ್ನು ಚಮಚದಲ್ಲಿ ಕುಡಿಯುತ್ತಾರೆ. ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದಿಂದ ಮೇಲೆ ಬರುವುದಿಲ್ಲ. ನಮ್ಮಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಬೀರುವ ದಿನಗಳಲ್ಲಿಯೇ ಅವನು ಇಲ್ಲಿ ಮತ್ತೆ ದಿಗಂತವನ್ನು ಮುಟ್ಟುತ್ತಾನೆ. ಆದರೆ ದಕ್ಷಿಣದ ಬೆಟ್ಟಗಳು ಅಡ್ಡ ಇರುವುದರಿಂದ ಊರಿನವರು ಸೂರ್ಯನ ದಿನವನ್ನು ಆಚರಿಸುವುದು ಜನವರಿ 21ರಂದು. ಅಂದು ಶಾಲೆಯ ಮಕ್ಕಳಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರೂ ಸಿಹಿ ಹೂರಣದ ದುಂಡನೆಯ ಬನ್ನು ತಿನ್ನುತ್ತಾರೆ. ಉತ್ತರಾಯಣವು ದೇವತೆಗಳಿಗೆ ಹಗಲು, ದಕ್ಷಿಣಾಯನ ರಾತ್ರಿ ಎಂದು ನನ್ನ ಅಜ್ಜ ಹೇಳುತ್ತಿದ್ದ ಮಾತು ನನಗೆ ಅರ್ಥವಾದದ್ದು ಆ ಬನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ.

ಈಗ ಬೇಸಗೆಯ ಮಾತಿಗೆ ಬರುತ್ತೇನೆ. ನಾನು ಹುಟ್ಟಿ ಬೆಳೆದ ಕುಂದಾಪುರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಹಗಲು ದಿನಕ್ಕೆ ಮುಕ್ಕಾಲು ನಿಮಿಷದಂತೆ ಬೆಳೆಯುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಮಾರ್ಚ್‌ನಲ್ಲಿ ಟ್ರೊಮ್ಸೊದ ಹಗಲು ದಿನಕ್ಕೆ ಎಂಟೊಂಬತ್ತು ನಿಮಿಷ ಬೆಳೆಯುತ್ತದೆ, ಅಂದರೆ ವಾರಕ್ಕೆ ಒಂದು ಗಂಟೆ. ಮೇ 20ರ ಹೊತ್ತಿಗೆ ಸೂರ್ಯ ಮುಳುಗುವುದನ್ನೇ ನಿಲ್ಲಿಸುತ್ತಾನೆ ಮತ್ತು ಜುಲೈ 20ರ ಆಚೆಯವರೆಗೂ ಆಕಾಶದಲ್ಲಿ ಸುತ್ತುತ್ತಲೇ ಇರುತ್ತಾನೆ. ಡಿಸೆಂಬರ್ ಮಧ್ಯಾಹ್ನದಲ್ಲಿ ಮೂರು ಡಿಗ್ರಿ ಕೆಳಗಿದ್ದವನು ಜೂನ್ 21ರ ನಡುರಾತ್ರಿ ಸರಿಯಾಗಿ ಮೂರು ಡಿಗ್ರಿ ಮೇಲಿರುತ್ತಾನೆ. ಚಳಿಗಾಲದ ನಷ್ಟವನ್ನು ಬೇಸಗೆ ಹಾಗೆ ತುಂಬಿಕೊಡುತ್ತದೆ ಎಂದು ನಾನು ಸಂತೋಷಪಟ್ಟೆ. ಬೆಳಕನ್ನು ನಾನು ಬಹುಮಾನವೆಂದು ತಿಳಿದೆ, ಅದರಿಂದಲೂ ಮೈಯನ್ನು ಕಾಪಾಡಿಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಕೋಣೆಯ ಕಿಟಕಿಗೆ ಇದ್ದದ್ದು ತೆಳುವಾದ ಬಿಳಿ ಪರದೆ. ದಪ್ಪ ಕಪ್ಪು ಪರದೆ ಹಾಕಿಸಿಕೊಳ್ಳೆಂದು ಮನೆಯೊಡತಿ ಏಪ್ರಿಲ್‌ನಲ್ಲಿಯೇ ಎರಡು ಬಾರಿ ಹೇಳಿದ್ದರು. ಆರು ತಿಂಗಳು ಕಾದು ಪಡೆದ ಬೆಳಕಿಗೆ ನಾನೇಕೆ ಬಾಗಿಲು ಹಾಕಲಿ ಎಂದುಕೊಂಡೆ.

ನನ್ನ ಪ್ರಬಂಧಕ್ಕಾಗಿ ಆಗ ನಾನು ಮಾಡುತ್ತಿದ್ದ ಪ್ರಯೋಗವು ಬೆಳಕು ಮತ್ತು ಕತ್ತಲೆಯದ್ದೇ ಆಗಿತ್ತು. ಸಾಲ್ಮನ್ ಮರಿ ಸಿಹಿನೀರಿನಲ್ಲಿ ಹುಟ್ಟುತ್ತದೆ. ಅದರ ಮೈಯ ಪಕ್ಕದಲ್ಲಿ ಬೆರಳಚ್ಚಿನಂತಹ ಕಪ್ಪು ಗುರುತುಗಳಿರುತ್ತವೆ. ಸಮುದ್ರಕ್ಕೆ ಇಳಿಯಲು ಸಿದ್ಧವಾದಾಗ ಆ ಗುರುತುಗಳು ಮಾಸಿ ಮೈಯೆಲ್ಲ ಬೆಳ್ಳಿಯಂತಾಗುತ್ತದೆ. ಈ ಬದಲಾವಣೆಗೆ ಮೀನಿಗೆ ಸೂಚನೆ ಕೊಡುವುದು ಹಗಲಿನ ಉದ್ದ. ಆದ್ದರಿಂದ ಸಾಕಣೆಯಲ್ಲಿ ಮರಿಗಳಿಗೆ ಮೊದಲು ಆರು ವಾರ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಕೊಟ್ಟು ಕೃತಕ ಚಳಿಗಾಲವನ್ನು ಉಂಟುಮಾಡಿ, ಆ ಬಳಿಕ ಇಡೀ ದಿನ ಬೆಳಕು ಕೊಡುತ್ತಾರೆ. ನನ್ನ ತೊಟ್ಟಿಗಳು ಕಿಟಕಿಯಿಲ್ಲದ ಕೋಣೆಯಲ್ಲಿದ್ದವು. ಬೆಳಿಗ್ಗೆ ಎಂಟಕ್ಕೆ ದೀಪ ಹತ್ತಿ ರಾತ್ರಿ ಎಂಟಕ್ಕೆ ಆರುವಂತೆ ಟೈಮರ್ ಇತ್ತು. ಬಾಗಿಲ ಸಂದಿಗೆ ನಾನೇ ಕಪ್ಪು ರಬ್ಬರ್ ಪಟ್ಟಿ ಅಂಟಿಸಿದ್ದೆ. ಮೀನುಗಳ ರಾತ್ರಿಗೆ ಒಂದು ಎಳೆ ಬೆಳಕೂ ನುಸುಳದಂತೆ ಕಾದವನು ನನ್ನ ರಾತ್ರಿಗೆ ಆ ತೆಳು ಪರದೆಯನ್ನು ಬಿಟ್ಟಿದ್ದೆ.

ಜೂನ್ ಮೊದಲ ವಾರದ ಹೊತ್ತಿಗೆ ನಾನು ದಿನಕ್ಕೆ ನಾಲ್ಕು ಗಂಟೆಯೂ ಮಲಗುತ್ತಿರಲಿಲ್ಲ. ಒಂದು ಗುರುವಾರ ರಾತ್ರಿ ಗೆಳೆಯರೊಂದಿಗೆ ಬೆಟ್ಟ ಹತ್ತಿ ನಡುರಾತ್ರಿಯ ಸೂರ್ಯನನ್ನು ನೋಡಿ ಬಂದು, ಶುಕ್ರವಾರ ಹಾಗೆಯೇ ಕೆಲಸ ಮುಗಿಸಿ, ಸಂಜೆ ಐದಕ್ಕೆ ಒಂದು ಗಂಟೆ ಒರಗೋಣವೆಂದು ಮಲಗಿದೆ. ಎಚ್ಚರವಾದಾಗ ಕೈಗಡಿಯಾರದ ಮುಳ್ಳು ಎರಡೂವರೆ ತೋರಿಸುತ್ತಿತ್ತು. ಮುಖದ ಮೇಲೆ ಬಿಸಿಲಿತ್ತು, ಫೋನು ಚಾರ್ಜ್ ಇಲ್ಲದೆ ಆರಿಹೋಗಿತ್ತು. ಶನಿವಾರ ಮಧ್ಯಾಹ್ನದವರೆಗೆ ಮಲಗಿಬಿಟ್ಟೆ, ಮೀನುಗಳ ಅಳತೆ ತಪ್ಪಿತು ಎಂದು ಎದ್ದು ಸೈಕಲ್ ಹತ್ತಿದೆ. ದಾರಿಯಲ್ಲಿ ಒಬ್ಬರು ಬೇಲಿಗೆ ಬಣ್ಣ ಬಳಿಯುತ್ತಿದ್ದರು, ಹುಡುಗರಿಬ್ಬರು ಚೆಂಡು ಒದೆಯುತ್ತಿದ್ದರು. ಮಧ್ಯಾಹ್ನವಲ್ಲ ಎನ್ನುವಂತಹದ್ದು ಕಣ್ಣಿಗೆ ಏನೂ ಬೀಳಲಿಲ್ಲ.

ತೊಟ್ಟಿಯ ಕೋಣೆಯ ಬಾಗಿಲು ತೆಗೆದರೆ ಒಳಗೆ ಕತ್ತಲೆ. ಮಧ್ಯಾಹ್ನ ಮೂರಕ್ಕೆ ದೀಪ ಉರಿಯುತ್ತಿಲ್ಲವೆಂದರೆ ಟೈಮರ್ ಕೆಟ್ಟಿದೆ ಎಂದು ತೀರ್ಮಾನಿಸಿ, ಅದನ್ನು ಬದಿಗಿಟ್ಟು ದೀಪಗಳನ್ನು ಕೈಸ್ವಿಚ್ಚಿಗೆ ತಿರುಗಿಸಿದೆ. ಬೆಳಕು ಬಿದ್ದೊಡನೆ ತಳದಲ್ಲಿ ಅಲುಗಾಡದೆ ನಿಂತಿದ್ದ ಮರಿಗಳೆಲ್ಲ ಒಮ್ಮೆಗೇ ಚದರಿ ತೊಟ್ಟಿಯ ಗೋಡೆಗೆ ಬಡಿದವು. ಆ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ, ಏಕೆಂದರೆ ಉತ್ತರ ಅದರಲ್ಲಿಯೇ ಇತ್ತು. ನಿದ್ದೆಯಿಂದ ಎಬ್ಬಿಸಿದ ಮೀನು ಹಾಗೆ ಬೆಚ್ಚುತ್ತದೆ. ನಿದ್ದೆಗೆಟ್ಟ ತಲೆಗೆ ಅದು ತಿಳಿಯಲಿಲ್ಲ. ಅಳತೆ ತೆಗೆದುಕೊಂಡು ಮನೆಗೆ ಬಂದು ಮಲಗಿದೆ.

ಫೋನು ಚಾರ್ಜ್ ಆದ ಮೇಲೆ ನಾನು ಹೋದದ್ದು ನಸುಕಿನ ಮೂರು ಗಂಟೆಗೆ ಎಂಬುದು ಗೊತ್ತಾಯಿತು. ಗೊತ್ತಾದ ಮೇಲೂ, ಹಾಗಿದ್ದರೆ ಆ ಕೋಣೆಯಲ್ಲಿ ಕತ್ತಲೆ ಇರಬೇಕಾದದ್ದೇ ಸರಿ, ಟೈಮರ್ ಕೆಟ್ಟಿರಲಿಲ್ಲ, ದೀಪ ಈಗಲೂ ಉರಿಯುತ್ತಿದೆ ಎಂಬ ಮುಂದಿನ ಹೆಜ್ಜೆಯನ್ನು ನನ್ನ ಬುದ್ಧಿ ಇಡಲಿಲ್ಲ. ನಾನು ಎಲ್ಲರಿಗೂ ಬಿಡಿಸಿ ಹೇಳುವುದು ಈ ಜಾಗವನ್ನು. ಹೊತ್ತು ತಪ್ಪಿದ್ದು ದೊಡ್ಡದಲ್ಲ, ಅದು ಯಾರಿಗೂ ಆಗಬಹುದು. ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಶಕ್ತಿಯನ್ನೇ ನಿದ್ದೆಗೇಡು ಕಸಿದುಕೊಂಡಿತ್ತು ಮತ್ತು ಕಸಿದುಕೊಂಡದ್ದು ನನಗೆ ಗೊತ್ತೇ ಆಗಿರಲಿಲ್ಲ, ಏಕೆಂದರೆ ಆ ಬೆಳಕಿನಲ್ಲಿ ನನಗೆ ಆಯಾಸವೆನಿಸುತ್ತಿರಲಿಲ್ಲ. ಶನಿವಾರ, ಭಾನುವಾರ ಸರದಿಯಲ್ಲಿದ್ದ ಸಹಪಾಠಿ ಬಂದು ಹೋದದ್ದು ಹಗಲಿನಲ್ಲಿ. ಹಗಲಿನಲ್ಲಿ ದೀಪ ಉರಿಯುತ್ತಿರಬೇಕಾದದ್ದರಿಂದ ಅವರಿಗೆ ಸಂಶಯ ಬರಲು ಕಾರಣವಿರಲಿಲ್ಲ. ಸೋಮವಾರ ಬೆಳಿಗ್ಗೆ ಬೆಳಕಿನ ದಾಖಲೆ ನೋಡಿದಾಗ ಎರಡೂವರೆ ರಾತ್ರಿಗಳ ಜಾಗದಲ್ಲಿ ಒಂದೇ ನೇರ ಗೆರೆ ಇತ್ತು. ಆರು ವಾರಗಳ ಚಳಿಗಾಲದ ಐದನೆಯ ವಾರವದು. ಆ ಅಂಕಿಗಳನ್ನು ನಂಬುವಂತಿರಲಿಲ್ಲ. ಹೊಸ ಮರಿಗಳೊಂದಿಗೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಪದವಿ ಆರು ತಿಂಗಳು ತಡವಾಯಿತು, ಆ ಆರು ತಿಂಗಳ ಖರ್ಚಿಗೆ ಅಪ್ಪ ಸಾಲ ಮಾಡಿದರು.

ಕಾರಣ ಸರಳವಾಗಿದೆ. ನಮ್ಮ ಕಣ್ಣಿನ ಅಕ್ಷಿಪಟದಲ್ಲಿ ನೋಟಕ್ಕಲ್ಲದೆ ಹೊತ್ತನ್ನು ತಿಳಿಯುವುದಕ್ಕಾಗಿ ಇರುವ ಕೆಲವು ಕೋಶಗಳಿವೆ. ನೀಲಿ ಬೆಳಕು ಅವುಗಳ ಮೇಲೆ ಬೀಳುತ್ತಿರುವಷ್ಟು ಹೊತ್ತು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಸರಿಯಾಗಿ ಸ್ರವಿಸುವುದಿಲ್ಲ. ಮನುಷ್ಯನ ಒಳಗಿನ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸ್ವಲ್ಪ ಉದ್ದ. ದಿನವೂ ಬೆಳಗು ಬೈಗುಗಳು ಅದನ್ನು ಸರಿಪಡಿಸದಿದ್ದರೆ ಅದು ಜಾರುತ್ತ ಹೋಗುತ್ತದೆ. ಇಲ್ಲಿನ ಹಿಮಸಾರಂಗಕ್ಕೆ ಆ ತೊಂದರೆಯಿಲ್ಲ. ಸ್ವಾಲ್‌ಬಾರ್‌ನ ಹಿಮಸಾರಂಗಗಳು ನಡುಬೇಸಗೆಯಲ್ಲಿಯೂ ನಡುಚಳಿಗಾಲದಲ್ಲಿಯೂ ದಿನದ ಲಯವನ್ನು ಬಹುಮಟ್ಟಿಗೆ ಬಿಟ್ಟು, ಹಸಿದಾಗ ಮೇದು, ದಣಿದಾಗ ಮಲಗುತ್ತವೆ. ಹಿಮಸಾರಂಗದ ಕಣ್ಣಿನ ಹಿಂಪದರ ಬೇಸಗೆಯಲ್ಲಿ ಬಂಗಾರದ ಬಣ್ಣಕ್ಕೂ ಚಳಿಗಾಲದಲ್ಲಿ ನೀಲಿಗೂ ತಿರುಗುತ್ತದೆ. ನಮಗೆ ಅಂತಹ ಕಣ್ಣಿಲ್ಲ. ಕುಂದಾಪುರದಿಂದ ಅಮ್ಮ ಫೋನು ಮಾಡಿದಾಗಲೆಲ್ಲ "ಇಲ್ಲಿ ದೀಪ ಹಚ್ಚಿ ಆಯ್ತು ಮಗಾ" ಎಂದೇ ಮಾತು ತೆಗೆಯುತ್ತಿದ್ದರು. ದೀಪ ಹಚ್ಚುವ ಹೊತ್ತೇ ಇಲ್ಲದ ಊರಿನಲ್ಲಿ ಆ ಹೊತ್ತನ್ನು ನಾವೇ ಮಾಡಿಕೊಳ್ಳಬೇಕು ಎಂಬುದು ನನಗೆ ಎರಡನೆಯ ಬೇಸಗೆಯಲ್ಲಿ ತಿಳಿಯಿತು. ಈಗ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ರಾತ್ರಿ ಒಂಬತ್ತಕ್ಕೆ ಪರದೆ ಎಳೆದು, ಒಂದು ಚಿಕ್ಕ ದೀಪ ಹಚ್ಚಿಟ್ಟು, ಅಮ್ಮನಿಗೆ ಹೇಳುತ್ತೇನೆ.

ಆದ್ದರಿಂದ, ಕತ್ತಲೆಗೆ ಹೆದರಿ ಮೇ ತಿಂಗಳಿಗೆ ಮುಂದೂಡುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಬಂದರೆ ಹೊಸ ಕೆಲಸ, ಹೊಸ ಭಾಷೆ, ಮುಗಿಯದ ಹಗಲು ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ. ಎಲ್ಲವೂ ಚೆನ್ನಾಗಿದೆ ಎಂದು ಅನ್ನಿಸುವುದರಿಂದ ಎಚ್ಚರಿಕೆಯೂ ಇರುವುದಿಲ್ಲ. ನವೆಂಬರ್‌ನಲ್ಲಿ ಬಂದರೆ ನೀವು ಹೆದರಿಯೇ ಬರುತ್ತೀರಿ, ಹೆದರಿದವರು ಸರಿಯಾಗಿ ಉಣ್ಣುತ್ತಾರೆ, ಸರಿಯಾದ ಹೊತ್ತಿಗೆ ಮಲಗುತ್ತಾರೆ, ಮಧ್ಯಾಹ್ನ ಹನ್ನೆರಡಕ್ಕೆ ತಪ್ಪದೆ ಹೊರಗೆ ನಡೆದು ಬರುತ್ತಾರೆ. ಒಂದು ಮಾತನ್ನು ಮಾತ್ರ ಹಗುರವಾಗಿ ಹೇಳುತ್ತಿಲ್ಲ: ನಿಮಗೆ ಹಿಂದೆ ಎಂದಾದರೂ ಖಿನ್ನತೆ ಬಂದಿದ್ದರೆ, ಹೊರಡುವ ಮೊದಲೇ ವೈದ್ಯರೊಂದಿಗೆ ಮಾತನಾಡಿ ಬನ್ನಿ. ಚಳಿಗಾಲದಲ್ಲಿ ಮರಳಿ ಮರಳಿ ಬರುವ ಖಿನ್ನತೆಯನ್ನು ವೈದ್ಯರು 1984ರಿಂದಲೂ ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಅದಕ್ಕೆ ಬೆಳಿಗ್ಗೆ 10,000 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ದೀಪದ ಮುಂದೆ ಕುಳಿತುಕೊಳ್ಳುವ ಚಿಕಿತ್ಸೆಯಿದೆ. ನಾನು ಊರಿನಿಂದ ಹೊತ್ತು ತಂದಂತಹ ಮೇಜಿನ ದೀಪದಿಂದ ಆ ಕೆಲಸ ಆಗುವುದಿಲ್ಲ.

ಪರದೆಯನ್ನು ಊರಿನಿಂದ ತರಬೇಡಿ, ಇಲ್ಲಿಯೇ ಸಿಗುತ್ತದೆ. ಕಿಟಕಿಯ ಚೌಕಟ್ಟಿಗಿಂತ ಎರಡೂ ಬದಿಗೆ ಒಂದೊಂದು ಗೇಣು ಹೆಚ್ಚಿಗೆ ಬರುವಂತೆ ಅಳತೆ ಕೊಡಿ, ಬೆಳಕು ನುಸುಳುವುದು ಅಂಚಿನಿಂದಲೇ. ಅಂಕಿಗಳಲ್ಲಿ 24 ಗಂಟೆ ತೋರಿಸುವ ಗಡಿಯಾರವೊಂದನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳಿ. ಇವೆರಡೂ ಏಪ್ರಿಲ್ ಮೊದಲ ವಾರದೊಳಗೆ ಮುಗಿದಿರಲಿ.